ಕೈಗೆ ಬರುವುದು

ಇನ್ನೂರ ಹದಿನಾಲ್ಕು ಮಂದಿಯ ಸಂಬಳ ನನಗೆ ಬಾಯಿಪಾಠ.
ಭೋಸರಿಯ ಈ ಫೋರ್ಜಿಂಗ್ ಕಾರ್ಖಾನೆಯಲ್ಲಿ
ಯಾರ ಪಿಎಫ್ ಎಷ್ಟು, ಯಾರ ಸೊಸೈಟಿ ಸಾಲ ಎಷ್ಟು ಕಂತು ಉಳಿದಿದೆ,
ಹ್ಯಾಮರ್ ಶಾಪಿನ ಗಾಯಕವಾಡ ಮಾಮಾ
ಮಗಳ ಮದುವೆಗೆಂದು ಎತ್ತಿದ ಮುಂಗಡ ಎಷ್ಟು,
ಎಲ್ಲ ಬಲ್ಲೆ. ಹೇಳುವಂತಿಲ್ಲ.
ಸೇರಿದ ದಿನವೇ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ
ಕಣ್ಣಿಗಲ್ಲ, ಬಾಯಿಗೆ.

ಹಾಗಾಗಿ ಓಂಕಾರ ಧುಮಾಳನ ಸ್ಲಿಪ್ಪೂ
ನನ್ನ ಪ್ರಿಂಟರಿನಿಂದಲೇ ಹೊರಬಂತು.
ಹೋದ ದೀಪಾವಳಿಯ ಮುಂದೆ ಬಂದ ಹುಡುಗ,
ಇಎಸ್‌ಐ ಅಂದರೇನು ಅಂತ ಕೇಳಿದವನು.
ಎಕ್ಸೆಲ್ಲಿನಲ್ಲಿ ಸಾಲು ಸೇರಿಸುವುದು ನಾನೇ ಕಲಿಸಿದೆ,
ಡಬ್ಬಿಯ ಮಡಿಕೆಕಾಳು ಪಲ್ಯದಲ್ಲೂ ಪಾಲು ಕೊಟ್ಟೆ.
ನನಗಿಂತ ಒಂಬತ್ತು ಸಾವಿರ ಹೆಚ್ಚು.
ಕಾಗದ ಇನ್ನೂ ಬಿಸಿಯಿತ್ತು.
ಮಡಚಿ, ಅಂಟಿಸಿ, ಮೇಲೆ ಅವನ ಹೆಸರು ಬರೆದೆ.
ಅಕ್ಷರ ಚೆನ್ನಾಗಿಯೇ ಬಂತು.

ಪೆಂಡಸೆ ಸಾಹೇಬರು ಕೆಟ್ಟವರಲ್ಲ.
ಕೆಟ್ಟವರಾಗಿದ್ದರೆ ನನಗೆ ಎಂಟು ವರ್ಷ ಹಿಡಿಯುತ್ತಿರಲಿಲ್ಲ.
ಗಣಪತಿಗೆ ಮನೆಗೆ ಕರೆದು ಮೋದಕ ಬಡಿಸುತ್ತಾರೆ,
ತುಪ್ಪ ಸಾಕೆಂದರೂ ಬಿಡುವುದಿಲ್ಲ.
ಸಂಜೆ ಆರೂಕಾಲಿಗೆ, ಬ್ಯಾಗು ಹೆಗಲೇರಿದ ಗಳಿಗೆಗೆ ಸರಿಯಾಗಿ,
"ತ್ರಿಶಲಾ, ಒಂದೇ ನಿಮಿಷ."
ಆ ನಿಮಿಷದಲ್ಲಿ ಎರಡು ಬಸ್ಸು ಹೋಗುತ್ತವೆ.
ತಪ್ಪು ಅವರದಾದರೆ "ನಮ್ಮದು" ಅನ್ನುತ್ತಾರೆ,
ನನ್ನದಾದರೆ ಅಡ್ಡಹೆಸರು ಸಮೇತ ಕರೆಯುತ್ತಾರೆ.
ಪ್ರತಿ ಏಪ್ರಿಲ್ ನಾನು ಮೇಜಿನ ಮುಂದೆ,
ಪ್ರತಿ ಏಪ್ರಿಲ್ ಅವರು ಕನ್ನಡಕ ಒರೆಸುತ್ತ: "ಬಘೂಯಾ."
ನೋಡೋಣ.
ಮರಾಠಿಯಲ್ಲಿ ಈ ಮಾತು ಎಷ್ಟು ಮೆತ್ತಗೆಂದರೆ
ಬಾಗಿಲು ಹಾಕಿದ್ದು ಗೊತ್ತಾಗುವುದೇ ಇಲ್ಲ.

ಅಥಣಿಯಿಂದ ಅವ್ವ, ಫೋನಿನಲ್ಲಿ:
"ಬಾಯಿದ್ದಾಂವ ಬರಗಾಲದಾಗೂ ಬದುಕಿದ ಅಂತಾರ.
ನಿನ್ನ ಬಾಯಿ ಎಲ್ಲಿಟ್ಟೀಯವಾ?"

ಗುರುವಾರ ಹಲ್ಲುನೋವೆಂದು ಅರ್ಧ ದಿನ ರಜೆ ಬರೆದು
ಬಾಣೇರಿಗೆ ಹೋದೆ.
ಗಾಜಿನ ಕಟ್ಟಡ. ಲಿಫ್ಟಿನೊಳಗೆ ನನ್ನದೇ ನಾಲ್ಕು ಮುಖ.
ಎದುರು ಕೂತವಳು ನನಗಿಂತ ಚಿಕ್ಕವಳು, ಋತ್ವಿಜಾ ಬಾಪಟ,
ಎಲ್ಲ ಕೇಳಿ, ಎಲ್ಲಕ್ಕೂ ತಲೆದೂಗಿ,
ಕೊನೆಗೆ ನೀರಿನ ಲೋಟ ಸರಿಸಿದಷ್ಟು ಹಗುರಾಗಿ,
"ನಿಮ್ಮ ನಿರೀಕ್ಷೆ ಎಷ್ಟು?"

ಇನ್ನೂರ ಹದಿನಾಲ್ಕು ಅಂಕಿಗಳು ಒಮ್ಮೆಲೇ ಎದ್ದು ನಿಂತವು.
ನಾನು ನಿನ್ನದು ಅಂತ ಒಂದೂ ಮುಂದೆ ಬರಲಿಲ್ಲ.
ಬಸ್ಸಿನುದ್ದಕ್ಕೂ ನಲವತ್ತೆಂಟು, ನಲವತ್ತೆಂಟು ಎಂದು ಉರುಹೊಡೆದಿದ್ದೆ;
ನಾಲಿಗೆಗೆ ಬರುವುದರೊಳಗೆ ನಲವತ್ತಾಗಿತ್ತು.
ಅವಳು ಬರೆದುಕೊಂಡಳು.
ತಲೆ ಎತ್ತಲಿಲ್ಲ. ಪೆನ್ನು ಎಲ್ಲೂ ತಡವರಿಸಲಿಲ್ಲ.

ಆಗ ತಿಳಿಯಿತು.
ಬಳೆಗಾರ ಹೇಳಿದ ಕೂಡಲೇ ಒಪ್ಪಿಬಿಟ್ಟರೆ
ಅವ್ವ ಬಳೆಯನ್ನು ಇನ್ನೊಮ್ಮೆ ತಿರುವಿ ನೋಡುತ್ತಿದ್ದಳು.

ನಾಶಿಕ್ ಫಾಟಾದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ
ಕಿವಿಗೆ ಫೋನು ಹಚ್ಚಿದ್ದೆ:
"ಮ್ಯಾಡಮ್, ನಾನು ಹೇಳಿದ್ದು ಕೈಗೆ ಬರುವುದು.
ಪಿಎಫ್ಪು, ಟ್ಯಾಕ್ಸು, ಎಲ್ಲ ಕಡಿತ ಆದ ಮೇಲಿನದು.
ಪೇರೋಲಿನವಳಲ್ಲವೇ, ಹಾಗೇ ಬಾಯಿಗೆ ಬಂತು."
ಸುಳ್ಳೇ? ಹಲ್ಲುನೋವಿನಷ್ಟು.
ಪಕ್ಕದ ಮುದುಕ ಕಿಟಕಿಯಿಂದ ಮುಖ ತಿರುಗಿಸಿ
ನನ್ನನ್ನೇ ನೋಡಿದ.
ಆ ಕಡೆಯಿಂದ ಏನೂ ಇಲ್ಲ. ಕೀಬೋರ್ಡು. ಮತ್ತೆ ಏನೂ ಇಲ್ಲ.
ಆಮೇಲೆ, "ಬಘೂಯಾ."

ಅದೇ ಮಾತು.
ಆದರೆ ಅದರ ಮುಂಚೆ ನಾನು ನಾಲ್ಕು ಸೆಕೆಂಡು ಎಣಿಸಿದ್ದೆ.
ಪೆಂಡಸೆ ಸಾಹೇಬರು ಎಂಟು ವರ್ಷದಲ್ಲಿ
ನನಗಾಗಿ ಅಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ.

ಕಂಡಕ್ಟರ್ ಐದು ರೂಪಾಯಿ ಚಿಲ್ಲರೆ ಆಮೇಲೆ ಕೊಡುತ್ತೇನೆಂದ.
ಭೋಸರಿ ಬರುವ ತನಕ
ಅಂಗೈ ಮಡಚದೆ ಕೂತೆ.